ಸೆಟ್ಟಿಂಗು ಹಾಗೇ ಇರಲಿ

ಹೊಸ ಕಂಪ್ಯೂಟರು ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಟೈಮಣ್ಣ ಇನ್ನೂ ಬಸ್ ಡಿಪೋದ ಮುಂಬಾಗಿಲ ಮೆಟ್ಟಿಲ ಮೇಲಿದ್ದ. ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ವಯಸ್ಸು ಐವತ್ತರ ಆಸುಪಾಸು, ಹೊಟ್ಟೆ ಯಾವಾಗಲೂ ಅವನಿಗಿಂತ ಒಂದು ಹೆಜ್ಜೆ ಮುಂದೆ, ಆದರೂ ಹಾರಿದ. ತನ್ನ ಮೇಜಿನ ಮೇಲೆ ಕುಳಿತಿದ್ದ ರಟ್ಟಿನ ಪೆಟ್ಟಿಗೆಯನ್ನು ತೊಟ್ಟಿಲೊಳಗಿನ ಕೂಸನ್ನು ನೋಡುವಂತೆ ಬಗ್ಗಿ ನೋಡಿದ, ಸವರಿದ, ಒಂದು ಸಲ ಮೂಸಿಯೂ ನೋಡಿದ. ಆಮೇಲೆ ಇದ್ದಕ್ಕಿದ್ದಂತೆ ಪಕ್ಕದಲ್ಲಿದ್ದ ತನ್ನ ಹಳೆಯ ಕಂಪ್ಯೂಟರಿನ ಕಡೆ ತಿರುಗಿದ.

“ಅಯ್ಯೋ, ನನ್ನ ಸೆಟ್ಟಿಂಗಿನ ಗತಿ ಏನು?” ಎಂದ.

ಟೈಮಣ್ಣ ಎನ್ನುವುದು ಡಿಪೋದವರು ಇಟ್ಟ ಹೆಸರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಚಾಲಕನಿಗೆ ಯಾವಾಗ ವಿಶ್ರಾಂತಿ, ಎರಡು ಬಸ್ಸು ಒಂದೇ ನಿಲುಗಡೆಯಲ್ಲಿ ಮುಖಾಮುಖಿಯಾಗಿ ಜಗಳಕ್ಕೆ ನಿಲ್ಲದಂತೆ ಏನು ಮಾಡಬೇಕು, ಇದೆಲ್ಲ ಸೇರಿಸಿ ವೇಳಾಪಟ್ಟಿ ಮಾಡುವುದು ಅವನ ಕೆಲಸ. ಆ ಕೆಲಸವೆಂದರೆ ಅವನಿಗೆ ಪ್ರಾಣ. ಬಸ್‌ಸ್ಟಾಪಿನಲ್ಲಿ ಯಾರಾದರೂ ಪಟ್ಟಿ ಓದುತ್ತಾ ನಿಂತಿದ್ದರೆ, ಇವನೂ ಬೆನ್ನ ಹಿಂದೆ ನಿಂತು ಅವರು ತಲೆಯಾಡಿಸುವವರೆಗೆ ಕಾಯುತ್ತಿದ್ದ. ಕೆಲವರು ಜೇಬುಗಳ್ಳನೆಂದು ಅನುಮಾನಪಟ್ಟದ್ದೂ ಉಂಟು.

ಅವನ ಹಳೆಯ ಕಂಪ್ಯೂಟರಾದರೋ ಬಸವನಹುಳುವಿನ ಸೋದರಮಾವ. ಬೆಳಿಗ್ಗೆ ಗುಂಡಿ ಒತ್ತಿ, ಹೊರಗೆ ಹೋಗಿ ಚಹಾ ಕುಡಿದು, ಚಾಲಕರೊಂದಿಗೆ ಜಗಳವಾಡಿ, ರಾಜಿಯಾಗಿ ಒಳಗೆ ಬಂದರೂ ಅದು ಇನ್ನೂ ಕಣ್ಣುಜ್ಜುತ್ತಿರುತ್ತಿತ್ತು. ಪಟ್ಟಿಯ ಅಂಕಿಗಳನ್ನೆಲ್ಲ ತುಂಬಿ ‘ಲೆಕ್ಕ ಹಾಕು’ ಎಂಬ ಗುಂಡಿ ಒತ್ತಿದರೆ ಊಟದ ಹೊತ್ತಿಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ಆದರೆ ಅದರೊಳಗೆ ಅವನು ಕಟ್ಟಿಕೊಂಡಿದ್ದ ಸಂಸಾರವೇ ಬೇರೆ. ಪರದೆಯ ಮೇಲಿನ ಚಿತ್ರಗಳು ಡಿಪೋದ ಬಸ್ಸುಗಳು ನಿಲ್ಲುವ ಸಾಲಿನಂತೆಯೇ ನಿಂತಿದ್ದವು. ಬಾಣದ ಗುರುತು ಹಸಿರು ಬಣ್ಣದ್ದು, ಹೆಬ್ಬೆರಳಿನಷ್ಟು ದೊಡ್ಡದು. ತಪ್ಪು ಒತ್ತಿದರೆ ಬಸ್ಸಿನ ಹಾರ್ನು ಕೂಗುತ್ತಿತ್ತು. ಟೈಮಣ್ಣ ಎಡಚನಾದ್ದರಿಂದ ಮೌಸಿನ ಎಡಗುಂಡಿ ಬಲದ ಕೆಲಸವನ್ನೂ ಬಲಗುಂಡಿ ಎಡದ ಕೆಲಸವನ್ನೂ ಮಾಡುತ್ತಿತ್ತು. ಬೇರೆ ಯಾರಾದರೂ ಮುಟ್ಟಿದರೆ ಹೊಸ ಸೊಸೆ ಅತ್ತೆಯ ಅಡುಗೆಮನೆ ಹೊಕ್ಕಂತೆ ಏನೂ ಸಿಗದೆ ಹೊರಬರುತ್ತಿದ್ದರು.

“ಹೊಸದು ಬಂತಲ್ಲ, ಇನ್ನು ನೆಪ ಇಲ್ಲ,” ಎನ್ನುತ್ತಾ ಮ್ಯಾನೇಜರು ಕೋಣೆಯಿಂದ ಹೊರಬಂದರು. “ಹೋದ ಸಲ ಪಟ್ಟಿ ತಡ. ಅದರ ಹಿಂದಿನ ಸಲಾನೂ ತಡ. ಕೇಳಿದಾಗಲೆಲ್ಲ ಕಂಪ್ಯೂಟರ್ ನಿಧಾನ ಅಂದ್ರಿ. ತರಿಸಿಕೊಟ್ಟಿದ್ದೀನಿ. ನಾಳೆಯಿಂದ ಹೊಸ ಪಟ್ಟಿ ಜಾರಿ, ಇವತ್ತು ಐದು ಗಂಟೆಗೆ ಅದು ನನ್ನ ಕೈಲಿರಬೇಕು. ಇಲ್ಲಾಂದ್ರೆ ಆ ಕೆಲಸ ಬೇರೆಯವರಿಗೆ, ನೀವು ಕೊಡೆಗಳ ಹತ್ತಿರ.”

ಕೊಡೆಗಳು ಎಂದರೆ ಅದೇ ಹಜಾರದ ಕೊನೆಯಲ್ಲಿ, ಬಸ್ಸುಗಳು ನಿಲ್ಲುವ ಅಂಗಳದ ಬಾಗಿಲಿಗೆ ಅಂಟಿಕೊಂಡಿದ್ದ ಮೂಲೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನೆಲ್ಲ ಅಲ್ಲಿಗೆ ಬರುತ್ತಿತ್ತು. ಹತ್ತರಲ್ಲಿ ಒಂಬತ್ತು ಕೊಡೆ, ಉಳಿದದ್ದು ಒಂಟಿ ಕೈಚೀಲ. ಅವುಗಳ ಉಸ್ತುವಾರಿ ನೋಡುತ್ತಿದ್ದ ಹೆಂಗಸನ್ನು ಎಲ್ಲರೂ ಕೊಡೆಯಕ್ಕ ಎನ್ನುತ್ತಿದ್ದರು. ಟೈಮಣ್ಣನ ಹಳೆಯ ಕಂಪ್ಯೂಟರು ಇವತ್ತಿನಿಂದ ಆಕೆಯ ಪಾಲಿಗೆ ಎಂದು ಮ್ಯಾನೇಜರು ಆಗಲೇ ಹೇಳಿಬಿಟ್ಟಿದ್ದರು.

ಹೊಸದನ್ನು ಜೋಡಿಸಲು ಬರಬೇಕಾಗಿದ್ದವನು ಟೈಮಣ್ಣನ ಭಾಮೈದ. ಕಂಪ್ಯೂಟರು ರಿಪೇರಿಯ ಅಂಗಡಿ ಇಟ್ಟು ಇನ್ನೂ ಬೋರ್ಡಿನ ಬಣ್ಣ ಒಣಗಿರಲಿಲ್ಲ. “ಮನೆಯವನೇ ಇರುವಾಗ ಹೊರಗಿನವರು ಯಾಕೆ ಸಾರ್” ಎಂದು ಮ್ಯಾನೇಜರಿಗೆ ಶಿಫಾರಸು ಮಾಡಿದ್ದವನು ಟೈಮಣ್ಣನೇ. ಶಿಫಾರಸು ಮಾಡು ಎಂದು ಹೇಳಿದ್ದವಳು ಹೆಂಡತಿ. ಹೇಳಿದ್ದು ಎನ್ನುವುದಕ್ಕಿಂತ, ಮಾಡುವವರೆಗೆ ಮಾತು ಬಿಟ್ಟಿದ್ದಳು ಎನ್ನುವುದು ಸರಿ.

ಭಾಮೈದ ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಬಂದ. ಪೆಟ್ಟಿಗೆ ಬಿಚ್ಚಿ, ಹೊಸ ಯಂತ್ರವನ್ನು ನೋಡಿ ಸಿಳ್ಳೆ ಹಾಕಿದ.

“ಭಾವ, ಇದು ಯಂತ್ರ ಅಲ್ಲ, ಚಿರತೆ. ಹೊಸದಾಗೇ ಎಲ್ಲಾ ಹಾಕಿಕೊಡ್ತೀನಿ. ಚಹಾ ಕುಡಿದು ಬರೋದ್ರೊಳಗೆ ರೆಡಿ.”

“ನನ್ನ ಸೆಟ್ಟಿಂಗು?”

“ಅದೇನು ಬಿಡಿ, ಆಮೇಲೆ ಬೇಕಾದ್ದು ಒಂದೊಂದಾಗಿ ಮಾಡ್ಕೊಂಡ್ರಾಯ್ತು.”

“ಒಂದೊಂದಾಗಿ? ಅದನ್ನ ಕಟ್ಟೋಕೆ ನನ್ನ ಅರ್ಧ ಆಯಸ್ಸು ಹೋಗಿದೆ. ಒಂದು ಕೂದಲೂ ಕೊಂಕಬಾರ್ದು. ಹಳೇದ್ರಲ್ಲಿ ಹೇಗಿದ್ಯೋ ಹಾಗೇ ಹೊಸದಕ್ಕೆ ಬರಬೇಕು.”

“ಹಾಗೂ ಮಾಡಬಹುದು. ಹಳೇದನ್ನ ಪೂರ್ತಿ ನಕಲು ತೆಗೆದು ಇದ್ರೊಳಗೆ ಇಳಿಸಬೇಕು. ಮಧ್ಯಾಹ್ನ ಆಗುತ್ತೆ. ಆದ್ರೂ ಒಂದು ಮಾತು ಭಾವ, ಮನೆ ಬದಲಾಯಿಸೋವಾಗ ಹಳೇ ಮನೆ ಕಸಾನೂ ಯಾರಾದ್ರೂ ಗಂಟು ಕಟ್ಕೊಂಡು ಹೋಗ್ತಾರಾ? ಒಂದ್ಸಲ ಸೆಟ್ಟಿಂಗ್ ತೆರೆದು, ಬೇಡದ್ದು ನೋಡಿ ತೆಗೆದುಬಿಡ್ಲಾ?”

“ಕಸ ಯಾವುದು ಚಿನ್ನ ಯಾವುದು ನಿನಗೇನಪ್ಪ ಗೊತ್ತು? ಕೈ ಹಾಕಿದ್ರೆ ನೋಡು.”

ಭಾಮೈದ ಅಕ್ಕನ ಮುಖ ನೆನೆದು ಕೈ ಹಿಂದೆಗೆದ. ತಂದಿದ್ದ ಪುಟ್ಟ ಡಿಸ್ಕೊಂದನ್ನು ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ ನಕಲು ತೆಗೆಯಲು ಹಚ್ಚಿದ. ಪರದೆಯ ಮೇಲೆ ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ಇಂಚಿಂಚಾಗಿ ತೆವಳತೊಡಗಿತು. ಟೈಮಣ್ಣ ಕುರ್ಚಿ ಎಳೆದುಕೊಂಡು ಅದರ ಮುಂದೆ ಕುಳಿತ. ಗೆರೆ ಚಲಿಸಿದಾಗಲೆಲ್ಲ ಅವನ ಕತ್ತೂ ಚೂರು ಬಲಕ್ಕೆ ವಾಲುತ್ತಿತ್ತು. ಸುತ್ತ ಜನ ಸೇರಿದರು. ಬಸ್ಸುಗಳು ಹೊರಡುವುದು ತಡವಾದರೂ ಪರವಾಗಿಲ್ಲ, ಇಂಥದ್ದನ್ನು ನೋಡುವ ಭಾಗ್ಯ ದಿನವೂ ಸಿಗುವುದಿಲ್ಲ ಎಂದು ಚಾಲಕರಿಬ್ಬರು ಬಾಗಿಲಲ್ಲೇ ನಿಂತರು.

ಗೆರೆ ಬಲತುದಿಗೆ ಇನ್ನೇನು ಮುಟ್ಟಿತು ಎನ್ನುವಾಗ ಪರದೆ ಕಪ್ಪಾಯಿತು.

ಎಲ್ಲರೂ ತಿರುಗಿ ನೋಡಿದರು. ಗೋಡೆಯ ಬಳಿ ಡಿಪೋದ ಕ್ಯಾಶಿಯರು ಒಂದು ಕೈಯಲ್ಲಿ ಪ್ಲಗ್ಗು, ಇನ್ನೊಂದು ಕೈಯಲ್ಲಿ ನೀರು ಕಾಯಿಸುವ ಕೆಟಲು ಹಿಡಿದು ನಿಂತಿದ್ದರು.

“ಇದು ಯಾರದ್ದು? ಸುಮ್ನೆ ಸಿಕ್ಕಿಸಿತ್ತು, ಕಿತ್ತೆ,” ಎಂದರು. “ನಿಮಗೇ ಚಹಾ ಮಾಡೋಣ ಅಂತ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಕಲು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಟೈಮಣ್ಣ ಪರದೆಯನ್ನು ನಂಬಲಿಲ್ಲ. ಮೇಜಿನ ಕೆಳಗೆ ತೂರಿ, ಗೋಡೆಗೆ ಒರಗಿ, ಪ್ಲಗ್ಗಿನ ಮೇಲೆ ಅಂಗೈ ಇಟ್ಟು ಕುಳಿತ. ಊಟವೂ ಅಲ್ಲಿಗೇ ಬಂತು. ಒಂದು ಕೈಯಲ್ಲಿ ಪ್ಲಗ್ಗು, ಒಂದು ಕೈಯಲ್ಲಿ ತುತ್ತು. ಆಗಲೇ ಫೋನು ಮೊಳಗಿತು. ಭಾಮೈದ ಅದನ್ನು ಭಾವನ ಕಿವಿಗೆ ಹಿಡಿದ.

“ಏನೂಂದ್ರೆ, ನನ್ನ ತಮ್ಮ ಊಟ ಮಾಡಿದ್ನಾ? ಅವನ ಮೇಲೆ ರೇಗಾಡಬೇಡಿ, ಮೃದು ಮನಸ್ಸಿನವನು.”

“ನಾನು ಮೇಜಿನ ಕೆಳಗಿದ್ದೀನಿ. ಯಾರ ಮೇಲೂ ರೇಗೋ ಸ್ಥಿತೀಲಿಲ್ಲ.”

“ಅಲ್ಯಾಕೆ ಹೋದ್ರಿ?”

ಅದಕ್ಕೆ ಉತ್ತರ ಕೊಡುವ ಮೊದಲೇ ಎರಡು ಹೊಳೆಯುವ ಬೂಟುಗಳು ಕಣ್ಣ ಮುಂದೆ ಬಂದು ನಿಂತವು. ಮ್ಯಾನೇಜರು ಬಗ್ಗಿ ನೋಡಿದರು. ಟೈಮಣ್ಣ ಬಾಯಲ್ಲಿದ್ದ ತುತ್ತು ನುಂಗಿ ಗೌರವದಿಂದ ತಲೆ ಎತ್ತಿದ, ಮೇಜಿನ ಹಲಗೆಗೆ ಫಟ್ಟನೆ ಬಡಿದುಕೊಂಡ.

“ಐದು ಗಂಟೆ,” ಎಂದಷ್ಟೇ ಹೇಳಿ ಬೂಟುಗಳು ಹೊರಟುಹೋದವು.

ಅಂತೂ ನಕಲು ಮುಗಿಯಿತು. ಹೊಸ ಯಂತ್ರಕ್ಕೆ ಇಳಿಸಿದ್ದೂ ಆಯಿತು. ಭಾಮೈದ ಗುಂಡಿ ಒತ್ತಿದ. ಪರದೆ ಬೆಳಗಿತು, ಅಲ್ಲಿ ಚಿತ್ರಗಳೆಲ್ಲ ಬಸ್ಸುಗಳಂತೆ ಸಾಲಾಗಿ ನಿಂತಿದ್ದವು. ಹಸಿರು ಬಾಣ ಬಂತು. ಟೈಮಣ್ಣ ಬೇಕೆಂದೇ ತಪ್ಪು ಒತ್ತಿದ, ಪೋಂ ಎಂದು ಹಾರ್ನು ಕೂಗಿತು. ಅವನ ಕಣ್ಣಲ್ಲಿ ನೀರಾಡಿತು.

“ಬಂತು, ಎಲ್ಲಾ ಬಂತು. ನೋಡ್ರೋ, ಎಲ್ಲಾ ಹಾಗೇ ಇದೆ,” ಎಂದು ಭಾಮೈದನನ್ನು ತಬ್ಬಿಕೊಂಡ. ಮದುವೆಯಾದಂದಿನಿಂದ ಅವರಿಬ್ಬರೂ ತಬ್ಬಿಕೊಂಡದ್ದು ಇದೇ ಮೊದಲು. ಚಾಲಕರು ಚಪ್ಪಾಳೆ ತಟ್ಟಿದರು. ಕ್ಯಾಶಿಯರು ತಾವೇ ಇದನ್ನೆಲ್ಲ ಮಾಡಿಸಿದವರಂತೆ ಮುಗುಳ್ನಕ್ಕರು.

ಭಾಮೈದ ಹಳೆಯ ಕಂಪ್ಯೂಟರನ್ನು ಹೊತ್ತು ಮೂಲೆಗೆ ನಡೆದ. “ನಿಮಗೆ ಇದ್ರಲ್ಲಿ ಏನೇನು ಬೇಕಕ್ಕ?” ಎಂದು ಕೇಳಿದ.

“ನನಗೆ ಆ ಸೆಟ್ಟಿಂಗೂ ಬೇಡ, ಗಿಟ್ಟಿಂಗೂ ಬೇಡ. ಒತ್ತಿದ್ರೆ ಹತ್ತಿಕೊಂಡ್ರೆ ಸಾಕು,” ಎಂದಳು ಕೊಡೆಯಕ್ಕ. ಭಾಮೈದ ಅದರೊಳಗಿದ್ದದ್ದನ್ನೆಲ್ಲ ಅಳಿಸಿ, ಡಿಪೋದ ಪ್ರೋಗ್ರಾಮುಗಳನ್ನಷ್ಟೇ ಹೊಸದಾಗಿ ಹಾಕಿಕೊಟ್ಟ.

ಇತ್ತ ಟೈಮಣ್ಣ ಅಂಗಿಯ ತೋಳು ಮಡಿಸಿ, ಬೆರಳು ನೆಟಿಕೆ ಮುರಿದು ಪಟ್ಟಿಯ ಕಡತ ತೆರೆದ. ಅಂಕಿಗಳನ್ನೆಲ್ಲ ಅವನು ಹಿಂದಿನ ವಾರವೇ ತುಂಬಿಟ್ಟಿದ್ದ. ಉಳಿದದ್ದು ಒಂದೇ ಒಂದು ಗುಂಡಿ. ಸುತ್ತಲಿದ್ದವರತ್ತ ಒಮ್ಮೆ ನೋಡಿ, ‘ಲೆಕ್ಕ ಹಾಕು’ ಒತ್ತಿದ.

ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀಲಿ ಗೆರೆಯೊಂದು ಎಡಮೂಲೆಯಲ್ಲಿ ಇಣುಕಿ, ಹೊರಗೆ ಬರಲೋ ಬೇಡವೋ ಎಂದು ಯೋಚಿಸುತ್ತಾ ನಿಂತಿತು.

“ಹೊಸದಲ್ವಾ, ನಾಚಿಕೆ ಇರುತ್ತೆ,” ಎಂದ ಒಬ್ಬ ಚಾಲಕ.

ಕಾದರು. ಚಪ್ಪಾಳೆ ತಟ್ಟಿದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಟೈಮಣ್ಣ ಪರದೆಗೆ ಮೂಗು ತಾಗಿಸಿ ನೋಡಿದ. ಈ ತೆವಳುವಿಕೆ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಅದೇ ನಡಿಗೆ, ಅದೇ ಏದುಸಿರು. ಅಷ್ಟರಲ್ಲಿ ಹಜಾರದ ಕೊನೆಯಿಂದ ಕೊಡೆಯಕ್ಕನ ದನಿ ಬಂತು.

“ಅಬ್ಬಬ್ಬ, ಏನು ಚುರುಕಪ್ಪ ಇದು. ಬೆರಳು ಮುಟ್ಟೋದ್ರೊಳಗೆ ತೆರ್ಕೊಳ್ಳುತ್ತೆ. ಇವತ್ತಿನ ಕೊಡೆ ಎಲ್ಲಾ ಬರೆದೂ ಆಯ್ತು.”

ಟೈಮಣ್ಣ ಓಡಿದ. ಬಾಗಿಲ ಹೊರಗೆ ಬಸ್ಸೊಂದು ಗುರುಗುಟ್ಟುತ್ತಾ ನಿಂತಿತ್ತು. ಒಳಗೆ ಕೊಡೆಯಕ್ಕನ ಮುಂದೆ ಅವನ ಹಳೆಯ ಕಂಪ್ಯೂಟರು, ಅವನ ಕಣ್ಣೆದುರೇ, ಕಿಟಕಿಯ ಮೇಲೆ ಕಿಟಕಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಕರೆದಲ್ಲಿಗೆಲ್ಲ ಬರುತ್ತಿತ್ತು. ತನ್ನ ಬಳಿ ಇಷ್ಟು ವರ್ಷ ನರಳಿದ್ದು ಇದೇನಾ ಎಂದು ಅವನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

ಬೆಂಕಿಗೆ ತುಪ್ಪ ಸುರಿಯಲು ಕ್ಯಾಶಿಯರು ಹಿಂದೆಯೇ ಬಂದಿದ್ದರು. ಕಿವಿಯ ಹತ್ತಿರ ಬಾಯಿ ತಂದು, “ನಾನು ಹೇಳಬಾರ್ದು,” ಎಂದು ಶುರುಮಾಡಿದರು. ಹಾಗೆ ಶುರುಮಾಡಿದರೆ ಅವರು ಹೇಳದೆ ಬಿಟ್ಟದ್ದೇ ಇಲ್ಲ. “ನಿಮ್ಮ ಭಾಮೈದ ಒಳಗಿನ ಭಾಗ ಅದಲುಬದಲು ಮಾಡಿರಬೇಕು. ಹೊಸ ಎಂಜಿನ್ನು ಹಳೇ ಡಬ್ಬಕ್ಕೆ, ಹಳೇದು ಹೊಸ ಡಬ್ಬಕ್ಕೆ. ಅಂಗಡಿಯವರು ಇದೇ ಮಾಡೋದು.”

ಟೈಮಣ್ಣ ನೇರ ಭಾಮೈದನ ಮುಂದೆ ನಿಂತ. “ಏನು ಮಾಡಿದ್ಯೋ ನಿಜ ಹೇಳು. ಬಿಚ್ಚಿ ಬದಲಾಯಿಸಿದ್ಯಾ?”

ಭಾಮೈದನ ಮುಖ ಸಣ್ಣದಾಯಿತು. ಫೋನು ತೆಗೆದು ಅಕ್ಕನಿಗೆ ಒತ್ತಿದ. “ಅಕ್ಕಾ, ಭಾವ ನನ್ನ ಕಳ್ಳ ಅಂತಿದ್ದಾರೆ,” ಎಂದು ಫೋನನ್ನು ಭಾವನ ಕೈಗೇ ಕೊಟ್ಟ.

“ನನ್ನ ತಮ್ಮ ಕಳ್ಳ ಆಗಿದ್ರೆ ಮೊದಲು ನಮ್ಮ ಮನೇಲೇ ಕದೀಬೇಕಿತ್ತಲ್ಲ,” ಎಂದಳು ಹೆಂಡತಿ. “ಆದ್ರೆ ಕದಿಯೋಕೆ ನೀವು ಏನು ತಂದಿಟ್ಟಿದ್ದೀರಿ ಇಲ್ಲಿ? ಸಂಜೆ ಬೇಗ ಬನ್ನಿ, ಮಾತಾಡೋದಿದೆ.”

ಅತ್ತ ದರಿ, ಇತ್ತ ಪುಲಿ. ಗಡಿಯಾರದ ಮುಳ್ಳು ನಾಲ್ಕನ್ನು ದಾಟಿತ್ತು.

“ಭಾವ, ನಾನು ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ,” ಎಂದ ಭಾಮೈದ ಮೆತ್ತಗೆ. “ಏನೋ ಒಂದು ಇದ್ರ ಕಾಲು ಹಿಡಿದು ಎಳೀತಿದೆ. ಒಂದ್ಸಲ ಸೆಟ್ಟಿಂಗ್ ತೆರೆದು ನೋಡ್ತೀನಿ, ಬಿಡಿ.”

“ಮತ್ತೆ ಅದೇ ಮಾತು. ಇರೋದು ಒಂದು ಸೆಟ್ಟಿಂಗು, ಅದನ್ನೂ ಕೆಡಿಸಿ ಕೈಗೆ ಚಿಪ್ಪು ಕೊಡ್ತೀಯಾ?” ಟೈಮಣ್ಣ ತಿರುಗಿ ಕೊಡೆಯಕ್ಕನ ಮುಂದೆ ಕೈ ಮುಗಿದ. “ಅಕ್ಕಾ, ನನ್ನ ಮಾನ ಉಳಿಸಿ. ಹೊಸದು ನೀವು ಇಟ್ಕೊಳ್ಳಿ. ನನ್ನ ಹಳೇದು ನನಗೆ ಕೊಡಿ.”

ಕೊಡೆಯಕ್ಕ ಒಮ್ಮೆ ಹಳೆಯದನ್ನು ನೋಡಿದಳು, ಒಮ್ಮೆ ಹಜಾರದಾಚೆ ಮಿರಮಿರ ಮಿನುಗುತ್ತಿದ್ದ ಹೊಸದನ್ನು ನೋಡಿದಳು. “ನಿಮ್ಮ ಸಂಕಟ ನೋಡೋಕಾಗಲ್ಲ, ತಗೊಳ್ಳಿ,” ಎಂದು ದೊಡ್ಡ ಮನಸ್ಸು ಮಾಡಿದಳು.

ಯಂತ್ರಗಳು ಮತ್ತೆ ಜಾಗ ಬದಲಿಸಿದವು. ಹೊಸದರೊಳಗಿದ್ದದ್ದನ್ನೂ ಹಾಗೆಯೇ ಅಳಿಸಿ ಕೊಡೆಯಕ್ಕನಿಗೆ ಸಿದ್ಧಪಡಿಸಿಕೊಟ್ಟ ಭಾಮೈದ ಹಳೆಯದರ ಮುಂದೆ ಬಂದು ಕುಳಿತ.

“ಇದು ಈಗ ಓಡ್ತಾ ಇದೆ ಭಾವ. ಹೀಗೇ ಒತ್ತಿಬಿಡಿ, ಐದರೊಳಗೆ ಪಟ್ಟಿ ಆಗಿಹೋಗುತ್ತೆ.”

ಟೈಮಣ್ಣ ಮೌಸು ಹಿಡಿದ. ಎಡಗುಂಡಿ ಎಡದ ಕೆಲಸವನ್ನೇ ಮಾಡಿತು. ಬಾಣ ಕೂದಲೆಳೆಯಷ್ಟು ಸಣ್ಣದಾಗಿ ಎಲ್ಲೋ ಕಳೆದುಹೋಯಿತು. ಅಕ್ಷರಗಳು ಇರುವೆಯ ಸಾಲಿನಂತೆ ಕಂಡವು. ಬೇರೆಯವರ ಚಪ್ಪಲಿ ಮೆಟ್ಟಿಕೊಂಡವನಂತೆ ಅವನು ತಡವರಿಸಿದ.

“ಇದ್ರಲ್ಲಿ ನನಗೆ ಗುಂಡೀನೇ ಕಾಣಲ್ಲ. ನನ್ನ ಸೆಟ್ಟಿಂಗ್ ಹಾಕು.”

“ಈಗಾ?”

“ಇದೇನು ಕೇಳೋ ಮಾತಾ? ನಕಲು ನಿನ್ನ ಡಿಸ್ಕಲ್ಲಿದೆ ತಾನೆ. ಎಲ್ಲಾ ಇಳಿಸು. ಒಂದೂ ಬಿಡಬೇಡ.”

ಇಳಿಸಿದ. ಪ್ಲಗ್ಗಿನ ಕಾವಲಿಗೆ ಈ ಸಲ ಒಬ್ಬ ಚಾಲಕನನ್ನು ನಿಲ್ಲಿಸಿದ್ದರು. ಹಸಿರು ಬಾಣ ಬಂತು, ಬಸ್ಸಿನ ಸಾಲು ಬಂತು, ಹಾರ್ನು ಕೂಗಿತು. ಟೈಮಣ್ಣ ‘ಲೆಕ್ಕ ಹಾಕು’ ಒತ್ತಿದ.

ನೀಲಿ ಗೆರೆ ಎಡಮೂಲೆಯಲ್ಲಿ ಇಣುಕಿತು. ಅಲ್ಲಿಯೇ ನಿಂತಿತು.

ಅವನು ಅದನ್ನು ನೋಡುತ್ತಿದ್ದಂತೆಯೇ ಬೂಟಿನ ಸದ್ದು ಬಂದು ಬೆನ್ನ ಹಿಂದೆ ನಿಂತಿತು. ಐದಾಗಿತ್ತು.

“ಪಟ್ಟಿ ಎಲ್ಲಿ?” ಎಂದರು ಮ್ಯಾನೇಜರು.

“ಸಾರ್, ಕಂಪ್ಯೂಟರ್ ಸ್ವಲ್ಪ...”

“ನಿಧಾನ. ಅಲ್ವಾ?” ಮ್ಯಾನೇಜರು ಹಳೆಯ ಯಂತ್ರವನ್ನು ನೋಡಿದರು, ಹಜಾರದ ಕೊನೆಯಲ್ಲಿದ್ದ ಹೊಸದನ್ನು ನೋಡಿದರು. ಕೇಳಬೇಕಾದ ಪ್ರಶ್ನೆಗಳು ತೀರಾ ಹೆಚ್ಚಾದದ್ದರಿಂದ ಒಂದನ್ನೂ ಕೇಳಲಿಲ್ಲ. “ಅಮ್ಮಾ,” ಎಂದು ಕೊಡೆಯಕ್ಕನನ್ನು ಕೂಗಿದರು. “ಎಲ್ಲಾ ಕಂಪ್ಯೂಟರಿಗೂ ಸಿಗೋ ಆಫೀಸಿನ ಫೋಲ್ಡರಲ್ಲಿ ವೇಳಾಪಟ್ಟಿಯ ಕಡತ ಇದೆ. ತೆರೆದು, ಲೆಕ್ಕ ಹಾಕು ಅಂತ ಒಂದು ಗುಂಡಿ ಇರುತ್ತೆ, ಒತ್ತಿ.”

“ಒತ್ತಿದೆ,” ಎಂದಳು ಕೊಡೆಯಕ್ಕ. ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ, “ಆಯ್ತಲ್ಲ ಸಾರ್. ಇಷ್ಟೇನಾ?” ಎಂದಳು. ಪ್ರಿಂಟರು ಬಿಸಿಬಿಸಿ ಹಾಳೆಗಳನ್ನು ಹೊರಗೆ ತಳ್ಳತೊಡಗಿತು.

ಮ್ಯಾನೇಜರು ಹಾಳೆಗಳನ್ನು ತಿರುವಿ ಹಾಕಿದರು. ಒಂದು ತಪ್ಪೂ ಇರಲಿಲ್ಲ. ಇರುವುದಾದರೂ ಹೇಗೆ, ಅಂಕಿಗಳನ್ನು ತುಂಬಿದವನು ಟೈಮಣ್ಣ. “ನಾಳೆಯಿಂದ ವೇಳಾಪಟ್ಟಿ ನೀವೇ ನೋಡ್ಕೊಳ್ಳಿ ಅಮ್ಮ. ಕೊಡೆಗಳನ್ನ ಇವರು ನೋಡ್ಕೋತಾರೆ,” ಎಂದು ಹೇಳಿ ಕೋಣೆಗೆ ಹೋದರು.

ಟೈಮಣ್ಣನಿಗೆ ನಿಜಕ್ಕೂ ಅಳು ಬಂತು. ಇನ್ನು ಮೇಲೆ ಬಸ್‌ಸ್ಟಾಪಿನಲ್ಲಿ ಯಾರ ಬೆನ್ನ ಹಿಂದೆಯೂ ನಿಲ್ಲುವ ಹಕ್ಕು ತನಗಿಲ್ಲವಲ್ಲ. ಭಾಮೈದನಿಗೆ ಕೋಪವೆಲ್ಲ ಇಳಿದು ಕನಿಕರ ಹುಟ್ಟಿತು.

“ಭಾವ, ಈಗಲಾದ್ರೂ ಒಂದ್ಸಲ ಸೆಟ್ಟಿಂಗ್ ತೆರೆದು ನೋಡ್ಲಾ?”

ಟೈಮಣ್ಣ ಈ ಸಲ ಬೇಡ ಎನ್ನಲಿಲ್ಲ. ಮೌಸನ್ನು ಅವನ ಕಡೆ ಸರಿಸಿದ. ಭಾಮೈದ ಒಂದೊಂದೇ ತೆರೆಯುತ್ತಾ ಹೋಗಿ, ಒಂದು ಕಡೆ ನಿಂತ.

“ಇದನ್ನ ಯಾರು ಹಾಕಿದ್ದು? ಯಂತ್ರ ತನ್ನ ಶಕ್ತೀಲಿ ಕಾಲು ಭಾಗಕ್ಕಿಂತ ಹೆಚ್ಚು ಓಡಬಾರ್ದು ಅಂತ ಕಟ್ಟಿಹಾಕಿದೆ.”

ಟೈಮಣ್ಣ ಕಣ್ಣು ಕಿರಿದು ಮಾಡಿ ಪರದೆ ನೋಡಿದ. ನೆನಪಾಯಿತು. ಎಷ್ಟೋ ವರ್ಷದ ಹಿಂದೆ, ಊಟವಾದ ಮೇಲೆ ಅವನು ಕುರ್ಚಿಯಲ್ಲಿ ಹಾಗೇ ಹಿಂದಕ್ಕೊರಗಿ ಕಣ್ಣು ಮುಚ್ಚಿದಾಗಲೆಲ್ಲ ಈ ಕಂಪ್ಯೂಟರಿನ ಫ್ಯಾನು ಭರ್ರೆಂದು ಕೂಗಿ ಎಬ್ಬಿಸುತ್ತಿತ್ತು. ಕಾಟ ತಡೆಯಲಾರದೆ ಅವನೇ ಅದು ಇದು ಒತ್ತಿ, ಸದ್ದು ನಿಲ್ಲುವವರೆಗೆ ಬಿಟ್ಟಿರಲಿಲ್ಲ.

“ಅಂದ್ರೆ ಹಳೇದು ನಿಧಾನ ಆಗಿದ್ದು...”

“ಇದಕ್ಕೇ.”

“ಹೊಸದು?”

“ಅದೂ ಇದಕ್ಕೇ. ಎರಡೂ ಸಲ ಜೋಪಾನವಾಗಿ ಹೊತ್ತು ತಂದಿದ್ದೀವಿ. ಈಗ ತೆಗೆದಿದ್ದೀನಿ ನೋಡಿ. ಮ್ಯಾನೇಜರಿಗೆ ಹೋಗಿ ಹೇಳೋಣ, ಕಾರಣ ಸಿಕ್ತು ಅಂತ.”

“ಏನಂತ ಹೇಳ್ತೀಯಾ? ನಿದ್ದೆ ಮಾಡೋಕೆ ನಾನೇ ಕಟ್ಟಿಹಾಕಿದ್ದೆ ಅಂತಾನಾ?”

ಭಾಮೈದ ತನ್ನ ಚೀಲ ಕಟ್ಟತೊಡಗಿದ. ಅಷ್ಟರಲ್ಲಿ ಕೊಡೆಯಕ್ಕ ಸಂಜೆಯ ಬಸ್ಸುಗಳಲ್ಲಿ ಸಿಕ್ಕ ಕೊಡೆಗಳನ್ನು ತಬ್ಬಿಕೊಂಡು ಬಂದು ಟೈಮಣ್ಣನ ಮೇಜಿನ ಮೇಲೆ ಸುರಿದು, “ಇವಿಷ್ಟು ನಿಮ್ಮವು,” ಎಂದು ಹೋದಳು. ಟೈಮಣ್ಣ ಮೂಗೊರೆಸಿಕೊಂಡು ಮೊದಲನೆಯದನ್ನು ಎತ್ತಿಕೊಂಡ. ಕಪ್ಪು ಬಣ್ಣ, ಹಿಡಿ ಸೊಟ್ಟ. ಬರೆದು ಗುಂಡಿ ಒತ್ತಿದ. ಬೆರಳು ಎತ್ತುವ ಮೊದಲೇ ಕೆಲಸ ಮುಗಿದಿತ್ತು. ಇನ್ನೊಂದು, ಮತ್ತೊಂದು. ಗಾಳಿಯ ಹಾಗೆ ಓಡುತ್ತಿದ್ದ ಯಂತ್ರದ ಮುಂದೆ ಕೊಡೆಗಳ ರಾಶಿ ನೋಡನೋಡುತ್ತಾ ಕರಗಿಹೋಯಿತು. ಇನ್ನು ನಾಳೆ ಬಸ್ಸುಗಳು ಬಂದು ಯಾರಾದರೂ ಏನಾದರೂ ಮರೆಯುವವರೆಗೆ ಅವನಿಗೆ ಮಾಡಲು ಕೆಲಸವೇ ಇರಲಿಲ್ಲ.

ಟೈಮಣ್ಣ ಕುರ್ಚಿಯಲ್ಲಿ ಹಿಂದಕ್ಕೊರಗಿದ. ಹೊಟ್ಟೆಯ ಮೇಲೆ ಕೈಗಳನ್ನು ಹೆಣೆದುಕೊಂಡು ಕಣ್ಣು ಮುಚ್ಚಿದ. ಕಂಪ್ಯೂಟರಿನ ಫ್ಯಾನು ಭರ್ರೆಂದು ಎದ್ದಿತು. ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ಒಂದು ಕಣ್ಣು ತೆರೆದು, ಚೀಲ ಕಟ್ಟುತ್ತಿದ್ದ ಭಾಮೈದನನ್ನು ಕರೆದ.

“ಆ ಸೆಟ್ಟಿಂಗು ಮೊದಲು ಹೇಗಿತ್ತೋ ಹಾಗೇ ಇಟ್ಟುಬಿಡಪ್ಪ.”